ಯತ್ತಪ್ಪ ಭಾವನ ಕರಿಯುಣ್ಣೆ ಪಟ್ಟಿ

ಬಿ.ದುರ್ಗ ಹೋಬಳಿಯಲ್ಲಿ ಬರೀ ಯತ್ತಪ್ಪನ ಮನೆ ಎಲ್ಲಿ ಎಂದು ಕೇಳಿದರೆ ಯಾವ ಯತ್ತಪ್ಪ ಎನ್ನುತ್ತಾರೆ. ಪಟ್ಟಿ ಯತ್ತಪ್ಪ ಎಂದರೆ ಸಾಕು, ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದವನು ಲೋಟ ಕೆಳಗಿಟ್ಟು ಎದ್ದು ಬಂದು ದಾರಿ ತೋರಿಸುತ್ತಾನೆ. ಆ ಪಟ್ಟಿ ಯತ್ತಪ್ಪ ನನ್ನ ಭಾವ. ನಮ್ಮಕ್ಕ ನಿಂಗಕ್ಕನ ಗಂಡ. ಜೀವಮಾನವೆಲ್ಲ ಕುರಿ ಕಾದವನು, ಮೀಸೆಗೆ ಹರಳೆಣ್ಣೆ ಹಚ್ಚುವವನು, ಮನುಷ್ಯರನ್ನು ಏಕವಚನದಲ್ಲಿ ಬೈದು ಕುರಿಗಳನ್ನು ಮಾತ್ರ ‘ಬರ್ರವ್ವ, ಹೋಗ್ರವ್ವ’ ಎಂದು ಮಾತಾಡಿಸುವವನು.

ಅವನಿಗೆ ಆ ಹೆಸರು ಬಂದದ್ದು ಮರಿಗಳಿಂದ. ಕೆಲವು ಕುರಿಮರಿಗಳು ಹುಟ್ಟುವಾಗಲೇ ಹೊಕ್ಕುಳ ಹತ್ತಿರ ಒಂದು ತೂತು ಇಟ್ಟುಕೊಂಡೇ ಹುಟ್ಟುತ್ತವೆ. ಮರಿ ಎದ್ದು ನಿಂತರೆ ಆ ತೂತಿನಿಂದ ಕರುಳು ಇಣುಕಿ, ಹೊಟ್ಟೆಯ ಕೆಳಗೆ ನಿಂಬೆಹಣ್ಣಿನಷ್ಟು ಗಂಟು ಜೋತು ಬೀಳುತ್ತದೆ. ಡಾಕ್ಟರು ಅದನ್ನು ಹರ್ನಿಯಾ ಎನ್ನುತ್ತಾರೆ, ನಮ್ಮ ಕಡೆಯವರು ಕರುಳು ಇಳಿದೈತೆ ಎನ್ನುತ್ತಾರೆ. ಭಾವ ಅಂಥ ಮರಿಯನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಎರಡು ಬೆರಳಿನಿಂದ ಗಂಟನ್ನು ಮೆಲ್ಲಗೆ ಒಳಗೆ ಕಳಿಸಿ, ಮೇಲೊಂದು ಬಟ್ಟೆಯ ಮಡಿಕೆ ಇಟ್ಟು, ಕರಿಯುಣ್ಣೆಯ ಪಟ್ಟಿ ಸುತ್ತಿ ಕಟ್ಟುತ್ತಾನೆ. ಉಸಿರು ಕಟ್ಟದಷ್ಟು ಸಡಿಲ, ಗಂಟು ಇಣುಕದಷ್ಟು ಬಿಗಿ. ಮರಿ ಬೆಳೆಯುತ್ತಾ ಹೋದಂತೆ ತೂತು ತಾನಾಗಿ ಕೂಡಿಕೊಳ್ಳುತ್ತದೆ. ಹೋಬಳಿಯ ಹಟ್ಟಿಗಳಿಂದೆಲ್ಲ ಅವನ ಹತ್ತಿರ ಮರಿ ತರುತ್ತಾರೆ. ಹೊಕ್ಕುಳು ಉಬ್ಬಿದ ಕೂಸುಗಳನ್ನು ತಂದವರೂ ಇದ್ದಾರೆ, ಅವರನ್ನು ಮಾತ್ರ ಗದರಿಸಿ ಓಡಿಸುತ್ತಾನೆ. “ಇದೇನು ಕುರೀನಾ? ಮನುಷ್ಯರ ಕೂಸು. ಡಾಕ್ಟ್ರಿಗೆ ತೋರಿಸ್ರಿ” ಎನ್ನುತ್ತಾನೆ. ಈ ಮಾತನ್ನು ಓದುಗರು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಯಾಕೆಂದರೆ ಹೇಳಿದ ಮಹಾರಾಯನೇ ಅದನ್ನು ಮರೆತ.

ಪಟ್ಟಿ ಕಟ್ಟುವುದು ಭಾವನಾದರೆ, ಅದನ್ನು ಹೆಣೆಯುವುದು ಅಕ್ಕ. ಮಂದೆಯ ಉಣ್ಣೆಯನ್ನೇ ನೂತು, ಜಗುಲಿಯ ಮೇಲೆ ಕಾಲು ಚಾಚಿ ಕೂತು, ಎಳೆಗಳ ತುದಿಯನ್ನು ಕಾಲಿನ ಬೆರಳುಗಳಿಗೆ ಸಿಕ್ಕಿಸಿ, ಹುಡುಗಿಯರ ಜಡೆ ಹೆಣೆದ ಹಾಗೆ ಹೆಣೆಯುತ್ತಾಳೆ. ಅಂಚಿಗೆ ಒಂದು ಬಿಳಿ ಎಳೆ ಸೇರಿಸುತ್ತಾಳೆ. ಅದು ಅಂದಕ್ಕಲ್ಲ. ಕರಿ ಮರಿಯ ಮೈಮೇಲೆ ಕರಿ ಪಟ್ಟಿ ಕಾಣುವುದಿಲ್ಲ, ಬಿಳಿ ಎಳೆ ಇದ್ದರೆ ಪಟ್ಟಿ ಜಾರಿದ್ದು ಮಂದೆಯ ಆಚೆ ಬದಿಯಿಂದಲೂ ಗೊತ್ತಾಗುತ್ತದೆ. ಇವರಿಬ್ಬರೂ ಜಗಳವಾಡದೆ ಮಾಡುತ್ತಿದ್ದ ಒಂದೇ ಕೆಲಸ ಇದು ಎಂದರೂ ತಪ್ಪಿಲ್ಲ.

ಇನ್ನು ನಾನು ರವೀಂದ್ರ. ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಓಡುವ ಬಸ್ಸಿನ ಕಂಡಕ್ಟರ್. ಭಾವ ನನ್ನನ್ನು ಕಂಡಾಗಲೆಲ್ಲ ಒಂದೇ ಮಾತು ಹೇಳುತ್ತಾನೆ. “ನೀನು ಜನಾನ ಒಳಕ್ಕೆ ತಳ್ತೀಯ, ನಾನು ಕರುಳು ಒಳಕ್ಕೆ ತಳ್ತೀನಿ. ಇಬ್ರುದೂ ಒಂದೇ ಕೆಲ್ಸ ಕಣಲೇ.” ಹೇಳಿ ತಾನೇ ನಗುತ್ತಾನೆ. ನಾನು ನಗದಿದ್ದರೆ ಇನ್ನೊಂದು ಸಲ ಹೇಳುತ್ತಾನೆ. ಭಾವನೆಂಬ ಸಲಿಗೆಗೆ ನಾನೂ ಅವನನ್ನು ಬಿಟ್ಟವನಲ್ಲ. ಈ ಬರಹದಲ್ಲಿ ಅಲ್ಲಲ್ಲಿ ಅವನ ಕಾಲೆಳೆದಿದ್ದರೆ ಅದು ನನ್ನ ಹಕ್ಕು ಎಂದುಕೊಳ್ಳಿ.

ಕಥೆ ಶುರುವಾದದ್ದು ಒಂದು ಕೃಷಿ ಹೊಂಡದಿಂದ. ಈಗ ಹೊಲಹೊಲದಲ್ಲೂ ಹೊಂಡ ತೋಡಿ ಒಳಗೆ ಕರಿ ಪ್ಲಾಸ್ಟಿಕ್ಕು ಹಾಸಿದ್ದಾರಲ್ಲ, ಬಿದ್ದ ದನಕರುವಿಗೆ ಕಾಲೂರಲು ಜಾಗವಿರುವುದಿಲ್ಲ. ಗಬ್ಬದ ಕುರಿಯೊಂದು ನೀರು ಕುಡಿಯಲು ಬಗ್ಗಿ ಅದರೊಳಗೆ ಜಾರಿತು. ಇನ್ನೊಬ್ಬರು ಬರುವ ತನಕ ತಡೆಯಬೇಕೋ ಬೇಡವೋ? ನಮ್ಮವನು ತಡೆಯಲಿಲ್ಲ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದು, ನೆನೆದು ಒದ್ದೆಮುದ್ದೆಯಾದ ಕುರಿಯನ್ನು ಎದೆಗೆ ಅವಚಿಕೊಂಡು ಒಬ್ಬನೇ ಮೇಲೆ ತಂದ. ಕುರಿ ಬದುಕಿತು, ಅವಳಿ ಮರಿ ಹಾಕಿತು. ಆದರೆ ಆವತ್ತು ಸಂಜೆ ಸ್ನಾನಕ್ಕೆ ಕೂತಾಗ ಭಾವನ ಬಲಗಡೆ ತೊಡೆಸಂದಿಯಲ್ಲಿ ಒಂದು ಉಬ್ಬು ಕಂಡಿತು. ಒತ್ತಿದರೆ ಒಳಗೆ ಹೋಯಿತು, ಕೆಮ್ಮಿದರೆ ಹೊರಗೆ ಬಂತು. ಅದು ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಲ್ಲೇ ಅವನು ತಪ್ಪು ಮಾಡಿದ್ದು. ಬೇರೆಯವರಾಗಿದ್ದರೆ ಗಾಬರಿಯಾಗಿ ಆಸ್ಪತ್ರೆಗೆ ಓಡುತ್ತಿದ್ದರು. ಭಾವನಿಗೆ ಗಾಬರಿಯೇ ಆಗಲಿಲ್ಲ. ಬಚ್ಚಲಿನಿಂದ ಬಂದವನೇ ಅಕ್ಕನಿಗೆ, “ಏ ಇವಳೇ, ಒಂದು ಪಟ್ಟಿ ಹೆಣಿ. ಮರಿಗಲ್ಲ, ನಂಗೆ” ಎಂದನಂತೆ. ಹೆಣೆದ ಪಟ್ಟಿಯನ್ನು ಸೊಂಟಕ್ಕೆ ಸುತ್ತಿ, ತೊಡೆಸಂದಿಯ ಮೇಲೆ ಹಾಯಿಸಿ, ಗಂಟಿನ ಜಾಗಕ್ಕೆ ಬಟ್ಟೆ ಮಡಿಚಿಟ್ಟು ಬಿಗಿದುಕೊಂಡ. ಮೇಲೆ ಪಂಚೆ ಉಟ್ಟು ಮಂದೆ ಹೊಡೆದುಕೊಂಡು ಹೊರಟ. ಹೋಬಳಿಯ ಮರಿಗಳೆಲ್ಲ ಒಪ್ಪಿಕೊಂಡ ಪಟ್ಟಿ ತನ್ನ ಹೊಟ್ಟೆಗೆ ಮಾತ್ರ ಯಾಕೆ ಆಗುವುದಿಲ್ಲ ಎಂಬುದು ಅವನ ಲೆಕ್ಕ.

ಸುದ್ದಿ ಹೊರಗೆ ಬಿದ್ದಮೇಲೆ ಊರಿನವರು ಸುಮ್ಮನಿರುತ್ತಾರೆಯೇ? ಒಬ್ಬಳು ಬಿಸಿ ಹರಳೆಣ್ಣೆ ಹಚ್ಚು ಎಂದಳು, ಹಚ್ಚಿದ. ಇನ್ನೊಬ್ಬರು ಮುಟ್ಟಿದರೆ ಮುನಿ ಸೊಪ್ಪು ಅರೆದು ಕಟ್ಟು ಎಂದರು, ಕಟ್ಟಿ ಮೈಯೆಲ್ಲ ತುರಿಸಿಕೊಂಡ. ಟ್ರ್ಯಾಕ್ಟರ್ ಓಡಿಸುವ ಓಬಳೇಶ್ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಅದರಲ್ಲಿ ಯಾರೋ ಗೋಡೆಗೆ ಕಾಲು ಮೇಲೆ ಮಾಡಿ ಮಲಗಿದ್ದರು. ಭಾವ ಅದನ್ನೂ ಮಾಡಿದ. ಕುರಿರೊಪ್ಪದ ಕಲ್ಲುಗೋಡೆಗೆ ಎರಡೂ ಕಾಲು ಆನಿಸಿ ಅವನು ಮಲಗಿದ್ದ ಹೊತ್ತಿಗೆ ನಾನು ಹೋಗಿದ್ದೆ. ಕುರಿಗಳೆಲ್ಲ ಮೇವು ಬಿಟ್ಟು ಸುತ್ತ ನಿಂತು ಅವನ ಮುಖವನ್ನೇ ನೋಡುತ್ತಿದ್ದವು. ಒಂದು ಟಗರು ಅವನ ಮೀಸೆ ಮೂಸಿತು. “ನಗಬೇಡ ಕಣಲೇ, ನೋವು ಇಳೀತೈತೆ” ಎಂದು ಕೆಳಗಿನಿಂದಲೇ ಗದರಿದ. ನೋವು ಇಳಿಯುತ್ತಿದ್ದುದು ನಿಜ. ಎದ್ದು ನಿಂತರೆ ಮತ್ತೆ ಅಲ್ಲಿಗೇ ಬರುತ್ತಿತ್ತು, ಅದೂ ನಿಜ.

ನನ್ನ ಪಿತ್ತ ನೆತ್ತಿಗೇರಿತು. ಆಸ್ಪತ್ರೆ ಎಂದರೆ ಬರುವವನಲ್ಲ, ನಾಟಿ ಔಷಧಿ ಎಂದರೆ ಬರುತ್ತಾನೆ ಎಂದು ಗೊತ್ತಿದ್ದುದರಿಂದ, ಹೊಳಲ್ಕೆರೆಯಲ್ಲಿ ಆಯುರ್ವೇದದ ಕ್ಲಿನಿಕ್ಕು ಇಟ್ಟಿರುವ ದೇವಿಕಾ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅಕ್ಕನೂ ಬಂದಳು. ಆ ಡಾಕ್ಟರಮ್ಮ ಮಾತಿನಲ್ಲಿ ಮೃದು, ವಿಷಯದಲ್ಲಿ ಖಡಕ್ಕು. ನಿಲ್ಲಿಸಿ, ಮಲಗಿಸಿ, ಕೆಮ್ಮಿಸಿ ನೋಡಿದರು. ಬೀಡಿ ಬಿಡಬೇಕು, ಯಾಕೆಂದರೆ ಕೆಮ್ಮಿದಾಗಲೆಲ್ಲ ಕರುಳು ಆ ತೂತನ್ನು ಗುದ್ದುತ್ತದೆ ಎಂದರು. ಒಂದೇ ಸಲ ಹೊಟ್ಟೆ ಬಿರಿಯೆ ಮುದ್ದೆ ಉಣ್ಣದೆ ಸ್ವಲ್ಪಸ್ವಲ್ಪ ಉಣ್ಣಬೇಕು, ಸೊಪ್ಪು, ನೀರು ಜಾಸ್ತಿ ತೆಗೆದುಕೊಂಡು ತಿಣುಕದೆ ಹೊರಕಡೆಗೆ ಹೋಗುವಂತಿರಬೇಕು, ಭಾರವನ್ನಂತೂ ಮುಟ್ಟಲೇಬಾರದು ಎಂದರು. ಬೆಲ್ಟು ಹಾಕಿಕೊಳ್ಳುವುದಾದರೆ ಮಲಗಿಕೊಂಡು, ಗಂಟು ಪೂರ್ತಿ ಒಳಗೆ ಹೋದಮೇಲೆ ಹಾಕಿಕೊಳ್ಳಬೇಕು, ನಿಂತುಕೊಂಡು ಬಿಗಿಯಬಾರದು ಎಂದರು.

ಆಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಂಡು ಹೇಳಿದರು: “ನೋಡ್ರಿ ಯಜಮಾನ್ರೆ, ಇದೆಲ್ಲ ಮಾಡಿದ್ರೆ ನೋವು ಕಮ್ಮಿ ಆಗುತ್ತೆ, ದಿನ ಸಲೀಸಾಗುತ್ತೆ. ಆದ್ರೆ ಆ ತೂತು ಮುಚ್ಚೋ ಸೊಪ್ಪು, ಎಣ್ಣೆ, ಲೇಹ್ಯ ಯಾವುದೂ ನನ್ನ ಹತ್ರ ಇಲ್ಲ. ಇದೆ ಅಂದವರ ಮಾತು ನಂಬಬೇಡಿ. ಒಂದಲ್ಲ ಒಂದಿನ ಹೊಲಿಸಲೇಬೇಕು. ಅದಕ್ಕೂ ಮೊದಲೇ ಏನಾದ್ರೂ ಗಂಟು ಗಟ್ಟಿಯಾಗಿ ಒಳಗೆ ಹೋಗದೆ ನಿಂತು, ನೋವು, ವಾಂತಿ ಶುರುವಾದ್ರೆ ಒಂದು ಗಳಿಗೆನೂ ಕಾಯಬೇಡಿ. ಒಳಗೆ ಕರುಳು ಸಿಕ್ಕಿಹಾಕಿಕೊಂಡು ಕೊಳೆತರೆ ಜೀವಕ್ಕೇ ಬರುತ್ತೆ.”

ಅಕ್ಕನ ಮುಖ ಬಿಳಿಚಿಕೊಂಡಿತು. ಭಾವ ಕೈಮುಗಿದು ಎದ್ದ. ಬಸ್‌ಸ್ಟ್ಯಾಂಡಿನ ತನಕ ಏನೂ ಮಾತಾಡಲಿಲ್ಲ. ಮನಸ್ಸಿಗೆ ನಾಟಿದೆ ಎಂದು ನಾನು ಖುಷಿಪಟ್ಟೆ. ಬಸ್ಸು ಹತ್ತಿ ಕೂತವನು ನನ್ನ ಮೊಣಕೈ ತಿವಿದು, “ನೋಡ್ದಾ? ಡಾಕ್ಟ್ರಮ್ಮನೂ ಪಟ್ಟಿ ಅಂದ್ರು” ಎಂದ. ಅಷ್ಟು ದೊಡ್ಡ ಮಾತಿನಲ್ಲಿ ಅವನ ಕಿವಿಗೆ ಬಿದ್ದದ್ದು ಅದೊಂದೇ.

ನ್ಯಾಯವಾಗಿ ಹೇಳಬೇಕೆಂದರೆ ಅವನು ಬೀಡಿ ಬಿಟ್ಟ. ಉಣ್ಣುವುದನ್ನೂ ಕಡಿಮೆ ಮಾಡಿದ. ಮಲಗಿಕೊಂಡೇ ಪಟ್ಟಿ ಕಟ್ಟಿಕೊಳ್ಳುವುದನ್ನು ಕಲಿತ. ಕೆಲವು ತಿಂಗಳು ನಿಜವಾಗಿಯೂ ಆರಾಮಾಗಿದ್ದ. “ಕಮ್ಮಿ ಆಗೈತೆ” ಎಂದು ಊರಿಗೆಲ್ಲ ಸಾರಿದ. ಆದರೆ ಕುರಿಗಾರನಿಗೆ ಭಾರ ಎತ್ತಬೇಡ ಎಂದರೆ ಹೇಗೆ? ಮಂದೆ ನಿಲ್ಲಿಸುವಾಗ ಸುತ್ತ ಕಟ್ಟುವ ಬಲೆ ಹೊರಬೇಕು, ನಡೆಯಲಾರದ ಮರಿಗಳನ್ನು ಹೆಗಲಿಗೆ ಹಾಕಿಕೊಳ್ಳಬೇಕು, ಉಣ್ಣೆ ಕತ್ತರಿಸುವಾಗ ಟಗರನ್ನು ಕೆಡವಿ ತೊಡೆಸಂದಿಯಲ್ಲಿ ಅದುಮಿಕೊಳ್ಳಬೇಕು. ಅವನು ಎಲ್ಲವನ್ನೂ ಮಾಡುತ್ತಿದ್ದ, ಬೇಡ ಎಂದರೆ ಪಟ್ಟಿ ಐತಲ್ಲ ಎನ್ನುತ್ತಿದ್ದ. ಆಗಾಗ ಅಕ್ಕನಿಗೆ, “ಈ ಪಟ್ಟಿ ಜಗ್ಗೈತೆ ಕಣೇ, ಇನ್ನೊಂಚೂರು ಅಗಲ ಹೆಣಿ” ಎನ್ನುತ್ತಿದ್ದ. ಅಕ್ಕ ಹೆಣೆದುಕೊಡುತ್ತಿದ್ದಳು.

ನನಗೆ ಅವಳ ಮೇಲೂ ಸಿಟ್ಟು ಬರುತ್ತಿತ್ತು. ಒಂದು ಸಲ ನೇರವಾಗಿ ಕೇಳಿದೆ: “ನೀನು ಹೆಣೆದುಕೊಡೋದಕ್ಕೇ ಅವನು ಹಿಂಗಾಡ್ತಾನೆ. ಕೊಡಬೇಡ.” ಅವಳು ಎಳೆ ಬಿಡಿಸುತ್ತಲೇ, “ಕೊಡದಿದ್ರೆ ಹಂಗೇ ಹೋಗ್ತಾನಲ್ಲಪ್ಪ” ಎಂದಳು. ನಾನು ಗೊಣಗಿಕೊಂಡು ಬಸ್ಸಿಗೆ ಬಂದೆ.

ಆಮೇಲೆ ಒಂದು ದಿನ ಕಾಟಲಿಂಗಪ್ಪ ನನ್ನ ಬಸ್ಸಿಗೆ ಹತ್ತಿದ. ಕಾಟಲಿಂಗಪ್ಪ ಭಾವನ ಪಕ್ಕದ ಮನೆಯವನು. ಅವನದೂ ಒಂದು ಮಂದೆ ಇದೆ, ಇಬ್ಬರೂ ಒಟ್ಟಿಗೆ ಮೇಯಿಸುತ್ತಾರೆ. ಟಿಕೆಟ್ಟು ಹರಿದು ಕೊಟ್ಟರೂ ಅವನು ನನ್ನ ಕೈ ಬಿಡಲಿಲ್ಲ. “ರವೀಂದ್ರಣ್ಣ, ಹೇಳಬೇಡ ಅಂತ ಆಣೆ ಹಾಕ್ಸ್ಕಂಡಾನೆ, ಆದ್ರೂ ಹೇಳ್ತೀನಿ” ಎಂದ. ಹಿಂದಿನ ದಿನ ಮಧ್ಯಾಹ್ನ ಬಲೆ ಎತ್ತುವಾಗ ಭಾವನ ಗಂಟು ಹೊರಗೆ ಬಂದದ್ದು ಒಳಗೆ ಹೋಗಲಿಲ್ಲವಂತೆ. ಬೇವಿನ ಮರದ ಕೆಳಗೆ ಮಂಡಿ ಮಡಿಚಿ ಮಲಗಿಕೊಂಡು, ಮೈಯೆಲ್ಲ ಬೆವೆತು, ಹಲ್ಲು ಕಚ್ಚಿಕೊಂಡಿದ್ದನಂತೆ. ಕುರಿಗಳು ಯಾರದೋ ಶೇಂಗಾ ಹೊಲಕ್ಕೆ ನುಗ್ಗಿದರೂ ತಲೆ ಎತ್ತಲಿಲ್ಲವಂತೆ. ಎಷ್ಟೋ ಹೊತ್ತಿನ ಮೇಲೆ ಗಂಟು ಒಳಗೆ ಸರಿಯಿತು. ಎದ್ದವನೇ ಮೀಸೆ ಒರೆಸಿಕೊಂಡು, “ಮನೇಲಿ ಇವಳಿಗೆ ಹೇಳ್ಬೇಡ” ಎಂದನಂತೆ.

ಆವತ್ತು ಬಸ್ಸಿನಲ್ಲಿ ಚಿಲ್ಲರೆ ಎಣಿಸಲು ನನಗೆ ಕೈ ಓಡಲಿಲ್ಲ. ಭಾವ ಸಾಯಬಹುದು ಎಂಬುದು ಮೊದಲ ಸಲ ನನಗೆ ನಿಜವಾಗಿ ಹೊಳೆಯಿತು. ಮೇಯಿಸಲು ಹೋದ ಯಾವುದೋ ಗುಡ್ಡದ ಮಗ್ಗುಲಲ್ಲಿ, ಸುತ್ತ ಕುರಿ ನಿಂತಿರುವಾಗ, ಆಂಬುಲೆನ್ಸು ಬರುವ ದಾರಿಯೂ ಇಲ್ಲದ ಕಡೆ. ಅಳು ಬಂತು. ಕಂಡಕ್ಟರು ಅತ್ತರೆ ಜನ ಏನಂದುಕೊಳ್ಳುತ್ತಾರೆ ಎಂದು ಬಾಗಿಲಲ್ಲಿ ನಿಂತು ಗಾಳಿಗೆ ಮುಖ ಕೊಟ್ಟೆ.

ರಜೆ ಸಿಕ್ಕ ಭಾನುವಾರ ಭಾವನ ಮನೆಗೆ ಹೋದೆ. ಏನೇನು ಬೈಯಬೇಕೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡಿದ್ದೆ. ಅಕ್ಕ ಜಗುಲಿಯಲ್ಲಿ ಕಾಲು ಚಾಚಿ ಭಾವನಿಗೆ ಇನ್ನೊಂದು ಅಗಲದ ಪಟ್ಟಿ ಹೆಣೆಯುತ್ತಿದ್ದಳು. ಭಾವ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಂದು ಕುರಿಯ ಹೊಟ್ಟೆ ಮುಟ್ಟಿ ನೋಡುತ್ತಿದ್ದ. ಕುರಿ ಕಾಟಲಿಂಗಪ್ಪನದು. ಎರಡು ಮೂರು ಸಲ ಈದ ದೊಡ್ಡ ಕುರಿ, ಪಕ್ಕೆಯ ಕೆಳಗೆ ಮುಷ್ಟಿಯಷ್ಟು ಉಬ್ಬಿತ್ತು. ಇನ್ನೊಂದು ಕುರಿ ಗುದ್ದಿದ್ದರಿಂದ ಹಾಗಾಯಿತೆಂದು ಕಾಟಲಿಂಗಪ್ಪ ಹೇಳುತ್ತಿದ್ದ.

ಕುರಿಯ ವಿಷಯ ಬಂದಾಗ ಭಾವನ ಮುಖವೇ ಬೇರೆಯಾಗುತ್ತದೆ. ಮೀಸೆಯ ಜಂಬ ಎಲ್ಲಿಗೋ ಹೋಗಿ, ಬೆರಳ ತುದಿಯಲ್ಲಿ ಕೇಳಿಸಿಕೊಳ್ಳುವವನ ಹಾಗೆ ಕಣ್ಣು ಮುಚ್ಚುತ್ತಾನೆ. ಆವತ್ತೂ ಹಾಗೆ ಕಣ್ಣು ಮುಚ್ಚಿ, ಉಬ್ಬಿನ ಸುತ್ತ ಬೆರಳಾಡಿಸಿ, ನಿಟ್ಟುಸಿರು ಬಿಟ್ಟ.

“ಇದಕ್ಕೆ ಪಟ್ಟಿ ಆಗಲ್ಲ ಕಾಟಲಿಂಗ” ಎಂದ.

“ಯಾಕಣ್ಣ? ಮರಿಗೆ ಆಗ್ತೈತಲ್ಲ?”

“ಮರಿ ಬೆಳೀತಾ ಇರ್ತೈತೆ. ಬೆಳೀತಾ ಬೆಳೀತಾ ತೂತು ಕೂಡ್ಕಂತೈತೆ. ಪಟ್ಟಿ ಸುಮ್ನೆ ಕಾವಲು ಅಷ್ಟೆ. ಇದು ಬೆಳೆದು ಮುಗಿದಿರೋ ಕುರಿ. ತೂತಿನ ಅಂಚು ಗಟ್ಟಿಯಾಗೈತೆ. ಪಟ್ಟಿ ಕಟ್ಟಿದ್ರೆ ಮೇಲೆ ಮುಚ್ಚಿದಂಗೆ ಕಾಣ್ತೈತೆ, ಒಳಗೆ ತೂತು ದೊಡ್ದಾಗ್ತಾ ಹೋಗ್ತೈತೆ. ಒಂದಿನ ಕರುಳು ಸಿಕ್ಕಂಡು ಸತ್ತೇ ಹೋಗ್ತೈತೆ. ನಾಳೆನೇ ಹೊಳಲ್ಕೆರೆಗೆ ಹೊಡ್ಕಂಡು ಹೋಗು, ದನದ ಡಾಕ್ಟ್ರು ಹೊಲೀತಾರೆ.”

ಕಾಟಲಿಂಗಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಬೈಗುಳವೆಲ್ಲ ಬಾಯಿಯಲ್ಲೇ ಉಳಿಯಿತು. ಅಕ್ಕ ಹೆಣೆಯುವುದನ್ನು ನಿಲ್ಲಿಸಿದ್ದಳು.

“ಕುರಿಗಾದ್ರೆ ಡಾಕ್ಟ್ರು, ನಿಂಗಾದ್ರೆ ಪಟ್ಟಿನಾ?” ಎಂದಳು.

ಭಾವ ತಿರುಗಿ ನೋಡಿದ. ತಾನು ಏನು ಹೇಳಿದೆ ಎಂಬುದು ಆಗ ಅವನಿಗೆ ಹೊಳೆದಿರಬೇಕು. “ಏ, ಕುರಿ ಬೇರೆ, ನಾನು ಬೇರೆ” ಎಂದು ನಗಲು ನೋಡಿದ.

“ಹೂಂ, ಬೇರೆನೇ. ಕುರಿ ಸತ್ರೆ ಸಂತೆಯಿಂದ ಇನ್ನೊಂದು ಹೊಡ್ಕಂಡು ಬರ್ತೀಯ. ನೀನು ಸತ್ರೆ ನಾನು ಯಾವ ಸಂತೆಗೆ ಹೋಗ್ಲಿ?”

ಅಷ್ಟು ಹೇಳಿ, ಕಾಲಿನ ಬೆರಳಿಗೆ ಸಿಕ್ಕಿಸಿದ್ದ ಎಳೆಗಳನ್ನು ಒಂದೊಂದೇ ಬಿಡಿಸಿದಳು. “ಇನ್ನೂ ಅಗಲ ಹೆಣೀಬೇಕು ಅಂದ್ರೆ ನನ್ನ ಕಾಲಾಗೆ ಬೆರಳಿಲ್ಲ. ಎರಡೂ ಕಾಲು ಮುಗಿದ್ವು” ಎಂದು ಎದ್ದು ಒಳಗೆ ಹೋದಳು. ಅರ್ಧ ಹೆಣೆದ ಪಟ್ಟಿ ಜಗುಲಿಯ ಮೇಲೆ ಬಿದ್ದಿತ್ತು. ಬೇಕಾದಷ್ಟು ಜಗಳ ಕಂಡ ಮನೆ ಅದು, ಆದರೆ ಅಕ್ಕ ಕೆಲಸವನ್ನು ಅರ್ಧಕ್ಕೆ ಬಿಟ್ಟು ಎದ್ದದ್ದನ್ನು ನಾನು ಕಂಡಿರಲಿಲ್ಲ. ಭಾವನೂ ಕಂಡಿರಲಿಲ್ಲವೆಂದು ಕಾಣುತ್ತದೆ. ಕುರಿಯ ಬೆನ್ನು ಸವರುತ್ತಾ ಜಗುಲಿಯ ಮೇಲಿನ ಆ ಪಟ್ಟಿಯನ್ನೇ ನೋಡಿದ.

ಕಡೆಗೆ ಕಾಟಲಿಂಗಪ್ಪನಿಗೆ ಹೇಳಿದ: “ನನ್ ಮಂದೆ ನೀನು ನೋಡ್ಕಂತೀಯೇನಲೇ?”

“ನೋಡ್ಕಂತೀನಿ ಬಿಡಣ್ಣ.”

“ಕರಿಮೂತಿದು ಗಬ್ಬ ಐತೆ. ಅದನ್ನ ಓಡಿಸ್ಬೇಡ.” ಆಮೇಲೆ ನನ್ನ ಕಡೆ ನೋಡದೆಯೇ, “ನಾಳೆ ನಿನ್ ಬಸ್ ಎಷ್ಟೊತ್ತಿಗೆ?” ಎಂದ.

ಮಾರನೆಯ ದಿನ ಅವನನ್ನೂ ಅಕ್ಕನನ್ನೂ ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂರಿಸಿದೆ. ಹಂಪು ಕಂಡಲ್ಲೆಲ್ಲ ನಿಧಾನ ಮಾಡು ಎಂದು ಡ್ರೈವರ್ ಶಿವರಾಜನಿಗೆ ಮೊದಲೇ ಹೇಳಿದ್ದೆ. ಅವನು ಎಷ್ಟು ನಿಧಾನ ಮಾಡಿದನೆಂದರೆ ಹಿಂದಿನ ಸೀಟಿನವರು ಇಳಿದು ನಡೆದುಕೊಂಡು ಹೋಗೋಣವೇ ಎಂದು ಕೇಳತೊಡಗಿದರು. ಜನ ಸ್ವಲ್ಪ ಇಳಿದಮೇಲೆ ನಾನು ಭಾವನ ಪಕ್ಕದ ಕಂಬಿ ಹಿಡಿದು ನಿಂತೆ. ಅಕ್ಕ ಕಿಟಕಿಗೆ ತಲೆಯಿಟ್ಟು ತೂಕಡಿಸುತ್ತಿದ್ದಳು. ಭಾವ ನನ್ನ ಅಂಗಿ ಹಿಡಿದೆಳೆದು ಬಗ್ಗಿಸಿಕೊಂಡ.

“ಲೇ ರವಿ, ನಾನು ಪಟ್ಟಿ ನಂಬ್ಕಂಡು ಕುಂತಿದ್ದೆ ಅಂತ ನೀವೆಲ್ಲ ಅಂದ್ಕಂಡೀರಿ.”

“ಮತ್ತೇನು?”

“ಹೆದರಿಕೆ ಕಣಲೇ.” ಧ್ವನಿ ಇನ್ನೂ ತಗ್ಗಿಸಿದ. “ಹುಟ್ಟಿದಾಗಿಂದ ಕುರಿ ಜೊತೆ ಬದುಕಿದೀನಿ. ಮಲಗಿಸಿ ಕುಯ್ದ ಮೇಲೆ ಎದ್ದು ನಿಂತ ಕುರಿನ ನಾನು ಒಂದೂ ನೋಡಿಲ್ಲ.”

ನಗುವಂಥ ಮಾತು. ನನಗೆ ನಗು ಬರಲಿಲ್ಲ. ಕತ್ತಿ ಎಂದರೆ ಅವನ ಕಣ್ಣಿಗೆ ಕಾಣುತ್ತಿದ್ದುದು ಹಬ್ಬದ ಬೆಳಗಿನ ಕತ್ತಿ ಒಂದೇ. ಇಷ್ಟು ದಿನ ಮೊಂಡ, ಮೊಂಡ ಎಂದು ನಾವೆಲ್ಲ ಬೈದಿದ್ದೆವು. ಯಾರೂ ಅವನನ್ನು ಯಾಕಪ್ಪ ಎಂದು ಕೂರಿಸಿಕೊಂಡು ಕೇಳಿರಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟೆ. “ಕಾಟಲಿಂಗನ ಕುರಿ ಇವತ್ತು ಹೊಲಿಸ್ಕಂಡು ಎದ್ದು ನಿಲ್ತೈತೆ, ಫೋನ್ ಮಾಡಿಸ್ತೀನಿ” ಎಂದೆ.

ಫೋನು ಬಂದದ್ದು ನಾವು ಚಿತ್ರದುರ್ಗದ ಆಸ್ಪತ್ರೆಯಲ್ಲಿ ಸರದಿಗೆ ಕೂತಿದ್ದಾಗ. ಕಾಟಲಿಂಗಪ್ಪ ವಿಡಿಯೊ ಕಾಲ್ ಮಾಡಿದ್ದ. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡ ಕುರಿ ಸ್ವಲ್ಪ ಓಲಾಡುತ್ತಾ ನಿಂತು, ಅವನ ಕೈಯಲ್ಲಿದ್ದ ತೊಗರಿ ಸೊಪ್ಪಿಗೆ ಬಾಯಿ ಹಾಕುತ್ತಿತ್ತು. ಭಾವ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಏನವ್ವ? ಎದ್ದಾ? ಮೇಯ್ತೀಯ?” ಎಂದು ಅಷ್ಟು ಜನರ ಮಧ್ಯೆ ಕೂಗಿದ. ಪಕ್ಕದಲ್ಲಿ ಕೂತವರು ಮಗಳಿಗೆ ಹೆರಿಗೆಯಾಗಿರಬೇಕು ಎಂದುಕೊಂಡು ನಮಗೆ ಶುಭ ಕೋರಿದರು. ನಾನು ಬೇಡವೆನ್ನಲಿಲ್ಲ.

ಪರೀಕ್ಷೆಗಳೆಲ್ಲ ಮುಗಿದು ಆಪರೇಷನ್ನಿಗೆ ದಿನ ಕೊಟ್ಟರು, ಆ ದಿನ ಒಳಗೆ ಕರೆದುಕೊಂಡು ಹೋದರು. ಹಸಿರು ನಿಲುವಂಗಿ ತೊಡಿಸಿದಾಗ ಅದಕ್ಕೆ ಬೆನ್ನೇ ಇಲ್ಲವೆಂದು ಜಗಳ ತೆಗೆದ. ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮರಗಟ್ಟಿಸಿದ್ದರಂತೆ, ಇಡೀ ಹೊತ್ತು ಎಚ್ಚರವಾಗಿದ್ದು ಡಾಕ್ಟರಿಗೆ ಮರಿಗಳ ಕಥೆ ಹೇಳಿದನಂತೆ. ಹೊರಗೆ ಬೆಂಚಿನ ಮೇಲೆ ಅಕ್ಕ ಸೆರಗಿನ ತುದಿಯನ್ನು ಹೆಣೆಯುವುದು, ಬಿಚ್ಚುವುದು ಮಾಡುತ್ತಿದ್ದಳು. ಅವನನ್ನು ತಳ್ಳುಗಾಡಿಯಲ್ಲಿ ಹೊರಗೆ ತಂದಾಗ ಅವಳು ಮೊದಲು ಮುಟ್ಟಿ ನೋಡಿದ್ದು ಅವನ ಪಾದ. ತಣ್ಣಗಿತ್ತು ಎಂದು ಗಾಬರಿಯಾಗಿ ನರ್ಸಮ್ಮನನ್ನು ಕೂಗಿದಳು. ಇನ್ನೊಂದು ಗಳಿಗೆಯಲ್ಲಿ ಬೆಚ್ಚಗಾಗುತ್ತದೆ ಎಂದು ಅವರು ಸಮಾಧಾನ ಮಾಡಬೇಕಾಯಿತು.

ಮಾರನೆಯ ದಿನ ವಾರ್ಡಿಗೆ ಬಂದ ಡಾಕ್ಟರು, ತೂತಿನ ಮೇಲೆ ಒಳಗಡೆ ಒಂದು ಸಣ್ಣ ಬಲೆಯಂಥದನ್ನು ಇಟ್ಟು ಹೊಲಿದಿದ್ದೇವೆ, ಮಾಂಸ ಅದರೊಳಗೆ ಬೆಳೆದು ಗಟ್ಟಿಯಾಗುತ್ತದೆ ಎಂದು ತಿಳಿಸಿದರು. ಭಾವನ ಕಣ್ಣು ಅರಳಿತು. “ಬಲೆನಾ? ನಾವು ಮಂದೆಗೆ ಕಟ್ತೀವಲ್ಲ, ಅಂಗೆನಾ?” ಎಂದು ಕೇಳಿದ. ಹೆಚ್ಚುಕಡಿಮೆ ಹಾಗೆಯೇ ಎಂದು ಡಾಕ್ಟರು ನಕ್ಕರು. ಆಮೇಲೆ ನೋಡಲು ಬಂದವರಿಗೆಲ್ಲ, “ಒಳಗೆ ಮಂದೆ ಬಲೆ ಕಟ್ಟವ್ರೆ, ಇನ್ನು ಒಂದು ಕರುಳೂ ಆಚೆ ಬರಂಗಿಲ್ಲ” ಎಂದು ಹೇಳುವುದೇ ಅವನ ಕೆಲಸವಾಯಿತು. ನಗಬಾರದು, ನಕ್ಕರೆ ಹೊಲಿಗೆ ಎಳೆಯುತ್ತದೆ ಎಂದು ಹೇಳಿದ್ದರು. ತಾನು ನಗದೆ ಬೇರೆಯವರನ್ನು ನಗಿಸುತ್ತಿದ್ದ.

ಅಕ್ಕ ಎರಡು ದಿನದಲ್ಲಿ ಊರಿಗೆ ಹೋದಳು, ಮಂದೆಯಲ್ಲಿ ಈಯುವ ಕುರಿಗಳಿದ್ದವು. ಭಾವನನ್ನು ನಾನು ಹೊಳಲ್ಕೆರೆಯ ನಮ್ಮ ಮನೆಗೆ ಕರೆತಂದು ಇಟ್ಟುಕೊಂಡೆ. ಊರಿಗೆ ಬಿಟ್ಟರೆ ನೇರ ರೊಪ್ಪಕ್ಕೆ ಹೋಗಿ ಟಗರು ಎತ್ತುತ್ತಾನೆಂಬುದು ನಮಗೆಲ್ಲ ಗೊತ್ತಿತ್ತು. ದೇವಿಕಾ ಡಾಕ್ಟರು ಒಂದು ಸಲ ಬಂದು ನೋಡಿ, ಸೊಪ್ಪು, ಮಜ್ಜಿಗೆ, ಮೆಲ್ಲಗೆ ನಡೆಯುವುದು, ಮೊದಲು ಹೇಳಿದ್ದೆಲ್ಲ ಈಗಲೂ ನಡೆಯಲಿ ಎಂದರು. ಈ ಸಲ ಅವನು ಪೂರ್ತಿ ಮಾತು ಕೇಳಿಸಿಕೊಂಡ.

ಹೊಲಿಗೆಯ ಗಾಯ ಮಾಯ್ದಮೇಲೆ ಅವನನ್ನು ಊರಿಗೆ ಬಿಡಲು ಹೋದೆ. ಇಳಿಬಿಸಿಲಿನ ಹೊತ್ತು. ದೊಡ್ಡ ಕುರಿಗಳು ಇನ್ನೂ ಮೇವಿನಿಂದ ಬಂದಿರಲಿಲ್ಲ. ಅಂಗಳದಲ್ಲಿ ಮರಿಗಳು ಮಾತ್ರ ಕುಣಿಯುತ್ತಿದ್ದವು. ಭಾವ ಬಾಗಿಲಲ್ಲೇ ನಿಂತು ಒಂದೊಂದನ್ನೂ ನೋಡಿದ. ಮೂರು ಮರಿಗಳ ಹೊಟ್ಟೆಗೆ ಕರಿ ಪಟ್ಟಿ ಇತ್ತು, ಅಂಚಿನಲ್ಲಿ ಬಿಳಿ ಎಳೆ. ಅವನು ಇಲ್ಲದಾಗ ಹಟ್ಟಿಯವರು ತಂದ ಮರಿಗಳಿಗೆ ಅಕ್ಕನೇ ಕಟ್ಟಿದ್ದಳು. ಗೋಡೆಯ ಗೂಟದಲ್ಲಿ ಅಂಥದೇ ಪುಟ್ಟ ಪಟ್ಟಿಗಳ ಒಂದು ದೊಡ್ಡ ಗೊಂಚಲು ನೇತಾಡುತ್ತಿತ್ತು.

“ಇಷ್ಟು ಉಣ್ಣೆ ಎಲ್ಲಿತ್ತೇ?” ಎಂದು ಕೇಳಿದ. “ಈ ಸಲ ಇನ್ನೂ ಕತ್ತರಿಸೇ ಇಲ್ಲ.”

“ನಿನ್ ಪಟ್ಟಿ ಬಿಚ್ಚಿ ಹೆಣೆದೆ” ಎಂದಳು ಅಕ್ಕ.

“ಯಾವ್ದು? ಎಲ್ಲಾನೂವಾ?”

“ಒಂದೇ. ಕೊನೇದು.”

ಭಾವ ಗೊಂಚಲನ್ನು ಗೂಟದಿಂದ ಇಳಿಸಿಕೊಂಡ. ಒಂದು ಕೈ ತುಂಬಿ ಇನ್ನೊಂದು ಕೈ ಒಡ್ಡಬೇಕಾಯಿತು. ಅವುಗಳನ್ನು ನೋಡಿದ, ಅಂಗಳದ ಮರಿಗಳನ್ನು ನೋಡಿದ. ಕಮ್ಮಿ ಆಗೈತೆ, ಕಮ್ಮಿ ಆಗೈತೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ಜಗುಲಿಯ ಮೇಲೆ ಮೆಲ್ಲಗೆ ಕೂತ.

“ಗಂಟು ಅಷ್ಟು ದೊಡ್ದಾಗಿತ್ತೇನೇ?”

“ನಿಂಗೆ ಗೊತ್ತಾಗ್ತಿರ್ಲಿಲ್ಲ. ಹೆಣೆಯೋಳಿಗೆ ಗೊತ್ತಾಗಲ್ವಾ?”

“ಮತ್ತೆ ಮೊದ್ಲೇ ಯಾಕೆ ಬೇಡ ಅನ್ಲಿಲ್ಲ?”

ಅಕ್ಕ ಅವನ ಮುಖ ನೋಡಲಿಲ್ಲ. “ಅಂದ್ರೆ ಪಟ್ಟಿ ಇಲ್ದಂಗೇ ಮಂದೆ ಹಿಂದೆ ಹೋಗ್ತಿದ್ದೆ. ಬಿಗಿಯಾಗಿ ಹೆಣೆದು ಕಳಿಸಿದ್ರೆ ಸಂಜೆ ಮನೆಗೆ ಬರ್ತೀಯ ಅಂತ ಹೆಣೀತಿದ್ದೆ. ದಿನಾ ಕುರಿ ಗಂಟೆ ಸದ್ದು ಕೇಳೋ ತನಕ ನಾನು ಒಂದು ತುತ್ತೂ ಬಾಯಿಗೆ ಇಡ್ತಿರ್ಲಿಲ್ಲ.”

ಭಾವ ಮೂಗು ಒರೆಸಿಕೊಂಡ. ನಾನು ಇಬ್ಬರಿಗೂ ಬೆನ್ನು ಮಾಡಿ ಬಸ್ಸಿನ ಹೊತ್ತಾಯಿತೇನೋ ಎಂಬಂತೆ ಫೋನು ತೆಗೆದು ನೋಡಿದೆ. ಅಷ್ಟರಲ್ಲಿ ಒಂದು ಮರಿ ಕುಣಿದು ಕುಣಿದು ಪಟ್ಟಿ ಸಡಿಲ ಮಾಡಿಕೊಂಡು ಜಗುಲಿಯ ಹತ್ತಿರ ಬಂತು. ಬಿಳಿ ಎಳೆ ಕೆಳಗೆ ಜೋತಿತ್ತು. ಭಾವನ ಕೈ ತನ್ನಷ್ಟಕ್ಕೆ ಅದರ ಕಡೆ ಚಾಚಿತು.

“ಮುಟ್ಟೀಯ! ಭಾರ ಎತ್ತಬಾರ್ದು” ಎಂದು ಅಕ್ಕ ಕೂಗಿದಳು.

ಅವನು ಕೈ ಹಿಂದಕ್ಕೆ ತೆಗೆದುಕೊಂಡು, ಕಾಲು ಚಾಚಿ, ತೊಡೆ ಮುಂದೆ ಮಾಡಿ ಕೂತ. ಅಕ್ಕ ಬಗ್ಗಿ ಮರಿಯನ್ನು ಎತ್ತಿ ಅವನ ತೊಡೆಯ ಮೇಲೆ ಮಲಗಿಸಿ, ಅದರ ಕಾಲು ಹಿಡಿದುಕೊಂಡು ಪಕ್ಕದಲ್ಲೇ ಕೂತಳು.